ಕಂಪನಿ ರಿಜಿಸ್ಟರ್ ಆಯ್ತು, ಅಂಗಡಿ ಎಲ್ಲಿ?

ನಮಸ್ಕಾರ, ಘಾನಾದ ರಾಜಧಾನಿ ಆಕ್ರಾದಿಂದ ನಿಮ್ಮ ಗೆಳೆಯ. ಇವತ್ತು ಇಲ್ಲಿಂದ ಮಂಗಳೂರಿಗೆ ಹೋಗುವ ಗೋಡಂಬಿ ಬಗ್ಗೆ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಅಷ್ಟರಲ್ಲಿ ಒಂದು ಕಾಮೆಂಟ್ ಕಣ್ಣಿಗೆ ಬಿತ್ತು. ತಲೆ ಕೆಟ್ಟುಹೋಯಿತು.

"ಸಾರ್, ಸುಮ್ನೆ ಹೆದರಿಸಬೇಡಿ. ಘಾನಾದಲ್ಲಿ ಕಂಪನಿ ರಿಜಿಸ್ಟರ್ ಮಾಡೋದು ಸುಲಭ. ನಾನು ಬಂದು ನೀರಿನ ಪ್ಯಾಕೆಟ್ ಬಿಸಿನೆಸ್ ಮಾಡ್ತೀನಿ. ಅಲ್ಲಿ ಸೆಕೆ ಜಾಸ್ತಿ ಅಲ್ವಾ?"

ಸೆಕೆ ಜಾಸ್ತಿ, ನಿಜ. ನನ್ನ ಅಂಗಿ ನೋಡಿದರೇ ಗೊತ್ತಾಗುತ್ತದೆ.

ರಿಜಿಸ್ಟರ್ ಮಾಡೋದು ಕಷ್ಟ ಅಂತ ನಾನು ಯಾವತ್ತು ಹೇಳಿದೆ? 2019ರ ಕಂಪನಿ ಕಾಯ್ದೆ ಓದಿ. ಇಬ್ಬರು ಡೈರೆಕ್ಟರ್ ಬೇಕು, ಒಬ್ಬರಾದರೂ ಘಾನಾದಲ್ಲೇ ವಾಸ ಇರಬೇಕು. ಒಬ್ಬ ಸೆಕ್ರೆಟರಿ, ಒಬ್ಬ ಆಡಿಟರ್. ಫಾರಂ ತುಂಬಿ, ಶುಲ್ಕ ಕಟ್ಟಿ, ಸರ್ಟಿಫಿಕೇಟ್ ಬರುತ್ತದೆ. ಆದರೆ ಸ್ವಾಮಿ, ಲಗ್ನಪತ್ರಿಕೆ ಅಚ್ಚಾದ ಮಾತ್ರಕ್ಕೆ ಮದುವೆ ಆಯ್ತಾ?

ಆಮೇಲೆ ಹೂಡಿಕೆ ಇಲಾಖೆಯ ಬಾಗಿಲಿಗೆ ಹೋಗಬೇಕು. 2013ರ ಕಾಯ್ದೆ ವಿದೇಶಿಯರಿಗೆ ಹಾಕಿದ ಲೆಕ್ಕ ಕೇಳಿ. ಘಾನಾದವರ ಜೊತೆ ಪಾಲುದಾರಿಕೆ ಆದರೆ 2 ಲಕ್ಷ ಡಾಲರ್ ಬಂಡವಾಳ, ಅವರಿಗೆ ಕನಿಷ್ಠ ಶೇ. 10 ಪಾಲು. ಪೂರ್ತಿ ನಿಮ್ಮದೇ ಆದರೆ 5 ಲಕ್ಷ. ಸರಕು ತಂದು ಮಾರುವ ವ್ಯಾಪಾರಕ್ಕೆ 10 ಲಕ್ಷ ಡಾಲರ್, ಜೊತೆಗೆ ಕನಿಷ್ಠ 20 ಜನ ಸ್ಥಳೀಯರಿಗೆ ಕೆಲಸ. ರೂಪಾಯಿ ಅಲ್ಲ ರೀ, ಡಾಲರ್!

ಇನ್ನು ನೀರಿನ ಪ್ಯಾಕೆಟ್. ಅದೇ ಕಾಯ್ದೆಯಲ್ಲಿ ಘಾನಾದವರಿಗೇ ಮೀಸಲಾದ ಕಸುಬುಗಳ ಪಟ್ಟಿ ಇದೆ. ಸಂತೆಯ ಚಿಲ್ಲರೆ ವ್ಯಾಪಾರ, ಕ್ಷೌರದಂಗಡಿ, ನೋಟ್‌ಬುಕ್ ತಯಾರಿಕೆ, 25ಕ್ಕಿಂತ ಕಡಿಮೆ ಗಾಡಿಗಳ ಟ್ಯಾಕ್ಸಿ. ಮತ್ತೆ, ಚಪ್ಪಾಳೆ ಹೊಡೀರಿ, ನೀರಿನ ಪ್ಯಾಕೆಟ್! ತಯಾರಿಸೋದೂ, ಮಾರೋದೂ. ಇಡೀ ದೇಶದಲ್ಲಿ ಹುಡುಕಿ ಹುಡುಕಿ ಅದನ್ನೇ ಆರಿಸಿಕೊಂಡಿದ್ದಾರೆ ಕಾಮೆಂಟ್ ಹಾಕಿದ ಪುಣ್ಯಾತ್ಮರು.

ನಮ್ಮ ಬೀದಿ ತುದಿಯಲ್ಲಿ ಒಬ್ಬ ಅಮ್ಮ ಕೂರುತ್ತಾರೆ. ಒಂದು ಹಳೇ ಫ್ರಿಜ್, ಒಂದು ಛತ್ರಿ, ಅರ್ಧ ಲೀಟರಿನ ಪ್ಯಾಕೆಟ್‌ಗಳು. ಇಲ್ಲಿ ಅದಕ್ಕೆ 'ಪ್ಯೂರ್ ವಾಟರ್' ಅಂತಾರೆ. ಅವರ ಹತ್ತಿರ ಗೋಡೆಯೇ ಇಲ್ಲ, ಇನ್ನು ಸರ್ಟಿಫಿಕೇಟಿಗೆ ಫ್ರೇಮ್ ಎಲ್ಲಿಂದ? ಆದರೂ ಬೆಳಗ್ಗೆ ಆರಕ್ಕೆ ಬೋಣಿ ಆಗಿರುತ್ತದೆ. ಲಗ್ನಪತ್ರಿಕೆ ಇಲ್ಲದ ಮದುವೆ ಅದು, ಊಟ ಮಾತ್ರ ಭರ್ಜರಿ.

ಇನ್ನೊಬ್ಬರ ಐಡಿಯಾ: "ಯಾರಾದರೂ ಸ್ಥಳೀಯರ ಹೆಸರಲ್ಲಿ ಮಾಡಿದರಾಯ್ತು." ಓಹೋ, ಬೇನಾಮಿ! ಊರಿಂದ ಉಪ್ಪಿನಕಾಯಿ ಜೊತೆ ಅದನ್ನೂ ತರುತ್ತೀರಾ? ಕಂಪನಿಯ ಅಸಲಿ ಯಜಮಾನ ಯಾರು ಅಂತ ರಿಜಿಸ್ಟ್ರಾರ್‌ಗೆ ಬರೆದುಕೊಡಬೇಕು. ಸ್ಥಳೀಯ ವರ್ತಕರು ಸುಮ್ನೆ ಬಿಡುತ್ತಾರಾ? 2019ರಲ್ಲಿ ಇದೇ ಆಕ್ರಾದ 'ಸರ್ಕಲ್' ಅನ್ನೋ ವ್ಯಾಪಾರದ ಜಾಗದಲ್ಲಿ ನೈಜೀರಿಯಾದವರ ಅಂಗಡಿಗಳಿಗೆ ಬೀಗ ಜಡಿದರು. ಅವರು ಮಧ್ಯೆ ಎರಡೇ ದೇಶ ದಾಟಿದರೆ ಸಿಗುವ ದೇಶದವರು. ನೀವು ಎಲ್ಲಿಯವರು?

ಅಂದ ಹಾಗೆ ಸಬ್‌ಸ್ಕ್ರೈಬ್ ಆಗಿಲ್ಲದವರು ಆಗಿಬಿಡಿ. ಅದಕ್ಕೆ ಕನಿಷ್ಠ ಬಂಡವಾಳ ಇಲ್ಲ.

"ಆ ಡಾಲರ್ ನಿಯಮ ತೆಗೀತೀವಿ ಅಂತ ಸರ್ಕಾರವೇ ಹೇಳಿದೆಯಲ್ಲಾ ಸಾರ್?" ತೆಗೀಲಿ ಬಿಡಿ! ಬಾಡಿಗೆ ಯಾರು ಕೊಡ್ತಾರೆ? ಬಾಡಿಗೆ ಕಾಯ್ದೆ ಆರು ತಿಂಗಳ ಮುಂಗಡ ಸಾಕು ಅನ್ನುತ್ತದೆ, ಅದು 1963ರದ್ದು. ನನ್ನ ಮನೆ ಮಾಲೀಕರು ಎರಡು ವರ್ಷದ ಬಾಡಿಗೆ ಒಟ್ಟಿಗೆ ಕೇಳಿದರು. ಕಾಯ್ದೆ ನೆನಪಿಸಿದೆ. ನಕ್ಕು, ತೆಂಗಿನಕಾಯಿ ಕೊಟ್ಟು ಕಳಿಸಿದರು. ಮಾರನೇ ದಿನ ನಾನೇ ಹೋಗಿ ಎಣಿಸಿ ಕೊಟ್ಟೆ.

ನನ್ನ ಸರ್ಟಿಫಿಕೇಟ್ ಅಗೋ, ಹಿಂದೆ ಗೋಡೆ ಮೇಲೆ ಕಾಣುತ್ತಾ? ಮೊದಲ ಬಿಲ್ ಹರಿಯುವ ಹೊತ್ತಿಗೆ ಅದರ ಗಾಜಿನ ಮೇಲೆ ಧೂಳು ಕೂತಿತ್ತು. ಲಗ್ನಪತ್ರಿಕೆ! ಅಚ್ಚಾದ ಲಗ್ನಪತ್ರಿಕೆ! ಇನ್ನೆಷ್ಟು ಸಲ ಹೇಳಲಿ ರೀ?

ಸರಿ, ಬಿಪಿ ಏರುತ್ತಿದೆ. ಕಾಮೆಂಟ್ ಹಾಕಿದ ಸಾರ್, ಬನ್ನಿ, ಕೋಪ ಇಲ್ಲ. ಆ ಅಮ್ಮನ ಹತ್ತಿರ ನಾನೇ ನೀರು ಕೊಡಿಸುತ್ತೇನೆ. ಪ್ಯಾಕೆಟ್ಟಿನ ಮೂಲೆ ಕಚ್ಚಿ ಕುಡಿಯಬೇಕು. ಒಂಚೂರು ಕಚ್ಚಿ ಸಾಕು. ಮೊದಲ ದಿನ ನಾನು ಜಾಸ್ತಿ ಕಚ್ಚಿಬಿಟ್ಟೆ, ಅಂಗಿಯೆಲ್ಲ ಒದ್ದೆ.