ಕಂಬಳಿಹುಳದ ಕೂದಲು ಕಣ್ಣಿಗೆ ಬಿದ್ದಾಗ

ಶ್ರೋತೃಗಳಿಗೆ ನಮಸ್ಕಾರ. ಇವತ್ತು ಹೇಳುವುದು ಒಂದೇ ಮಾತು: ಕಂಬಳಿಹುಳದ ಕೂದಲು ಕಣ್ಣಿಗೆ ಬಿದ್ದರೆ ಉಜ್ಜಬೇಡಿ.

ಮಳೆ ಹಿಡಿಯಿತೆಂದರೆ ಶೇಂಗಾ ಹೊಲಕ್ಕೂ ಹಿತ್ತಲ ನುಗ್ಗೆ ಮರಕ್ಕೂ ಈ ಹುಳ ಬೀಳುತ್ತದೆ. ಮರದಡಿ ನಿಂತು, ಮುಖ ಮೇಲೆತ್ತಿ, ಕಸಬರಿಗೆಯಿಂದ ಹುಳ ಕೆಡವುತ್ತೀರಿ. ಕೂದಲು ಕಣ್ಣಿಗೇ ಬರುತ್ತದೆ. ಹೆಗಲ ಟವೆಲ್ಲಿನಿಂದ ಗಸಗಸ ಉಜ್ಜುತ್ತೀರಿ. ಕೆಡುವುದು ಅಲ್ಲೇ. ಗೋಧಿ ತೆನೆಯನ್ನು ಅಂಗಿ ತೋಳಿನೊಳಗೆ ಇಟ್ಟರೆ ಮೇಲಕ್ಕೇ ಏರುತ್ತದಲ್ಲ, ಈ ಕೂದಲೂ ಹಾಗೆ. ಮೈತುಂಬ ಸೂಕ್ಷ್ಮ ಮುಳ್ಳು. ಉಜ್ಜಿದಷ್ಟೂ ಒಳಗೆ ಹೋಗುತ್ತದೆ, ಹಿಂದೆ ಬರುವುದಿಲ್ಲ.

ಇಂಗ್ಲೆಂಡಿನ ಲೀಡ್ಸ್‌ನಲ್ಲಿ 2009ರಲ್ಲಿ ನಡೆದದ್ದು ಕೇಳಿ. 29 ವರ್ಷದ ಒಬ್ಬ ಯುವಕ. ಮೂರು ವಾರದಿಂದ ಬಲಗಣ್ಣು ಕೆಂಪು, ನೀರು, ಬೆಳಕು ನೋಡಲಾಗದು. ಕಣ್ಣು ಬಂದಿದೆಯೆಂದು ಆ್ಯಂಟಿಬಯಾಟಿಕ್ ಹಾಕಿದರು, ಇಳಿಯಲಿಲ್ಲ. ಕಣ್ಣು ಪರೀಕ್ಷಿಸುವ ಸ್ಲಿಟ್ ಲ್ಯಾಂಪ್ ಯಂತ್ರದಲ್ಲಿ ದೊಡ್ಡದಾಗಿಸಿ ನೋಡಿದರೆ ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದಲ್ಲಿ, ಕೂದಲುಗಳು ನೆಟ್ಟಿದ್ದವು! ಆಗ ಅವನಿಗೆ ನೆನಪಾಯಿತು. ಅವನು ಸಾಕಿದ್ದು ಚಿಲಿ ದೇಶದ ಟಾರಂಟುಲಾ ಜೇಡ. ಮೂರು ವಾರದ ಹಿಂದೆ ಅದರ ಗಾಜಿನ ತೊಟ್ಟಿ ತೊಳೆಯುತ್ತ, ಕಲೆ ಉಜ್ಜುವುದರಲ್ಲಿ ಮುಳುಗಿದ್ದ. ಹಿಂದೆ ಏನೋ ಅಲುಗಿದಂತಾಗಿ ತಿರುಗಿದ. ಜೇಡ ಕೂದಲನ್ನು ಮುಖಕ್ಕೆ ಎರಚಿಬಿಟ್ಟಿತು. ಹಿಂಗಾಲಿನಿಂದ ಹೊಟ್ಟೆ ಕೆರೆದು ಕೂದಲು ಹಾರಿಸುವುದು ಅದರ ಆತ್ಮರಕ್ಷಣೆ. ಅತಿ ಸಣ್ಣ ಚಿಮಟಕ್ಕೂ ಆ ಕೂದಲು ಸಿಗಲಿಲ್ಲ. ಸ್ಟೀರಾಯ್ಡ್ ಹನಿಯಿಂದ ಉರಿ ಇಳಿಯಿತು, ಕೂದಲು ಉಳಿಯಿತು.

ಕೂದಲು ಎರಚುವ ಈ ವಿದ್ಯೆ ಅಮೆರಿಕ ಖಂಡಗಳ ಟಾರಂಟುಲಾಗಳದು, ನಮ್ಮ ನೆಲದ ಜೇಡಗಳಿಗಿಲ್ಲ. ನಮಗೆ ಕಂಬಳಿಹುಳವೇ ಸಾಕು. ಎರಡರ ಕೂದಲಿನಿಂದಲೂ ಕಣ್ಣಿಗೆ ಆಗುವ ಗಾಯ ಒಂದೇ ಜಾತಿಯದು.

ಹಾಗಾದರೆ ಏನು ಮಾಡಬೇಕು? ಕೈ ತೊಳೆಯಿರಿ. ತಲೆಯನ್ನು ಕೂದಲು ಬಿದ್ದ ಕಣ್ಣಿನ ಕಡೆಗೆ ವಾಲಿಸಿ. ಶುದ್ಧ ನೀರನ್ನು ಮೂಗಿನ ಬದಿಯಿಂದ ಕಿವಿಯ ಕಡೆಗೆ ಹರಿಯುವಂತೆ 10-15 ನಿಮಿಷ ಬಿಡಿ. ಇನ್ನೊಂದು ಕಣ್ಣಿಗೆ ನೀರು ಹೋಗದಿರಲಿ. ಎದೆಹಾಲು, ಹರಳೆಣ್ಣೆ, ಸೆರಗಿನ ತುದಿ, ಯಾವುದೂ ಬೇಡ. ಉಜ್ಜುವುದಂತೂ ಬೇಡವೇ ಬೇಡ. ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, "ಹುಳದ ಕೂದಲು ಬಿದ್ದಿದೆ" ಎಂದು ನೀವೇ ಬಾಯಿಬಿಟ್ಟು ಹೇಳಿ. ಹೇಳಿದರೆ ಅವರು ಮೇಲಿನ ರೆಪ್ಪೆ ಮಗುಚಿ ಹುಡುಕುತ್ತಾರೆ. ರೆಪ್ಪೆಯಡಿ ಒಂದು ಕೂದಲು ಉಳಿದರೂ ಪ್ರತಿ ಸಲ ಕಣ್ಣು ಮಿಟುಕಿಸಿದಾಗ ಕಾರ್ನಿಯಾ ಗೀರುತ್ತದೆ. ಉರಿ ನಿಂತರೂ ಮತ್ತೆ ತೋರಿಸಿ. ಕೂದಲು ತಿಂಗಳುಗಟ್ಟಲೆ ನಿಧಾನ ಒಳಗೆ ಸರಿಯಬಲ್ಲದು.

ಮೆಡಿಕಲ್ ಶಾಪಿನವರನ್ನೇ ಕೇಳಿ ಹನಿ ತರುವವರಿಗೆ ಎಷ್ಟು ಹೇಳಿದರೂ ಸಾಲದು. ಲೀಡ್ಸ್‌ನವನಿಗೆ ಆರಾಮ ಕೊಟ್ಟ ಅದೇ ಸ್ಟೀರಾಯ್ಡ್, ಗಂಗಾವತಿ, ಸಿಂಧನೂರಿನಲ್ಲಿ ಭತ್ತದ ಗರಿ ತಾಗಿ ಬೂಷ್ಟು ಹುಣ್ಣಾದ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಪರೀಕ್ಷೆ ಮಾಡದೆ ಯಾವ ಹನಿ ಎಂದು ಗೊತ್ತಾಗುವುದಿಲ್ಲ.

ಸಮಯ ಮುಗಿಯಿತೆಂದು ಕೈ ತೋರಿಸುತ್ತಿದ್ದಾರೆ. ಹುಳ ಕೆಡವುವಾಗ ಕನ್ನಡಕ ಹಾಕಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಸತ್ತ ಹುಳ, ಒಣಗಿದ ಗೂಡು ಕೂಡ ಚುಚ್ಚುತ್ತವೆ, ಮಕ್ಕಳ ಕೈಗೆ ಸಿಗಬಾರದು. ಆ ಟವೆಲ್ಲನ್ನು ಬೇರೆಯಾಗಿ ಒಗೆಯಿರಿ. ನಮಸ್ಕಾರ.