ಬೆಲೆಯನ್ನು ಬಚ್ಚಿಡಬೇಡಿ

ನಮಸ್ಕಾರ. ತಂಗಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಇಳಕಲ್ ಸೀರೆಯನ್ನೇ ಉಡಿಸಬೇಕೆಂದು ಅವ್ವ ಹಟ ಹಿಡಿದಿದ್ದಳು. ನಾವಿರುವುದು ಬೆಂಗಳೂರಿನಲ್ಲಿ, ಇಳಕಲ್ಲಿಗೆ ಹೋಗಿಬರಲು ಯಾರಿಗೂ ಪುರುಸೊತ್ತಿರಲಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಹುಡುಕಿದೆವು. ಒಂದು ಅಂಗಡಿಯ ಪುಟದಲ್ಲಿ ಸೀರೆ ಕಣ್ಣಿಗೆ ಬಿತ್ತು. ಗಿಳಿಹಸಿರು ಒಡಲು, ಕೆಂಪು ಸೆರಗು, ಸೆರಗಿನ ಮೇಲೆ ಬಿಳಿಯ ತೆನೆ. ಅವ್ವ ಕನ್ನಡಕ ಏರಿಸಿಕೊಂಡು ನನ್ನ ಕೈಯಿಂದ ಮೊಬೈಲ್ ಇಸಿದುಕೊಂಡಳು. ‘ಎಷ್ಟಂತೆ, ಕೇಳು’ ಎಂದಳು. ಕೇಳಿದೆ. ‘ಬೆಲೆಗಾಗಿ ಇನ್‌ಬಾಕ್ಸ್ ನೋಡಿ’ ಎಂಬ ಉತ್ತರ ಬಂತು. ಇನ್‌ಬಾಕ್ಸ್‌ನಲ್ಲಿ ಏನೂ ಇರಲಿಲ್ಲ. ಮರುದಿನ ಮಧ್ಯಾಹ್ನ ಒಂದು ಬೆಲೆ ಬಂತು. ಅದೇ ಸೀರೆಯನ್ನು ತಂಗಿ ತನ್ನ ಖಾತೆಯಿಂದ ವಿಚಾರಿಸಿದಾಗ ನಾನ್ನೂರು ರೂಪಾಯಿ ಹೆಚ್ಚು ಹೇಳಿದರು. ಅವ್ವ ಮೊಬೈಲನ್ನು ಮಂಚದ ಮೇಲಿಟ್ಟು, ‘ಮುಖ ನೋಡಿ ಮಣೆ ಹಾಕುವ ಅಂಗಡಿ ನಮಗೆ ಬೇಡ’ ಎಂದಳು. ಅಲ್ಲಿಗೆ ಆ ವ್ಯಾಪಾರ ಮುಗಿಯಿತು.

ಸಣ್ಣ ವ್ಯಾಪಾರಿಗಳು ನನ್ನನ್ನು ಕೇಳುವ ಮೊದಲ ಪ್ರಶ್ನೆ ಫಾಲೋವರ್‌ಗಳನ್ನು ಹೆಚ್ಚಿಸುವುದು ಹೇಗೆ ಎಂಬುದು. ನಾನು ಹೇಳುವುದು ಇಷ್ಟೇ: ಇವತ್ತು ಇರುವವರಿಗೆ ಮೊದಲು ಬೆಲೆ ಹೇಳಿ. ಜಾಹೀರಾತಿಗೆ ದುಡ್ಡು ಸುರಿಯುವುದು, ರೀಲ್ಸ್‌ಗೆ ಹುಡುಗರನ್ನು ಕರೆಸುವುದು, ಕ್ಯಾಮೆರಾ ಕೊಳ್ಳುವುದು, ಎಲ್ಲ ಆಮೇಲೆ.

ವ್ಯಾಪಾರಿಗಳು ಬೆಲೆಯನ್ನು ಯಾಕೆ ಬಚ್ಚಿಡುತ್ತಾರೆ ಎಂಬುದು ನನಗೆ ಗೊತ್ತಿದೆ. ಪಕ್ಕದ ಅಂಗಡಿಯವನು ನೋಡಿ ಐವತ್ತು ರೂಪಾಯಿ ಕಡಿಮೆಗೆ ಮಾರುತ್ತಾನೆ ಎಂಬ ಅಂಜಿಕೆ. ಸಗಟಿನಲ್ಲಿ ಒಯ್ಯುವವರು ಚಿಲ್ಲರೆ ದರ ನೋಡಿ ಲೆಕ್ಕ ಹಾಕುತ್ತಾರೆ ಎಂಬ ಮುಜುಗರ. ಪ್ರಶ್ನೆ ಹೆಚ್ಚು ಬಂದಷ್ಟೂ ಪೋಸ್ಟ್ ಮೇಲಕ್ಕೆ ಹೋಗುತ್ತದೆ ಎಂದು ಯಾರೋ ಹೇಳಿಕೊಟ್ಟ ಉಪಾಯ ಬೇರೆ. ಮೊದಲ ಎರಡು ಅಂಜಿಕೆಗಳಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಪಕ್ಕದ ಅಂಗಡಿಯವನಿಗೆ ನಿಮ್ಮ ದರ ತಿಳಿಯಲು ಒಂದು ಸಂದೇಶ ಸಾಕು. ಬಚ್ಚಿಟ್ಟ ಬೆಲೆ ಅವನಿಗೆ ತಿಳಿದೇ ತಿಳಿಯುತ್ತದೆ, ಕೊಳ್ಳಬೇಕೆಂದು ಬಂದ ನನ್ನ ಅವ್ವನಂಥವಳಿಗೆ ಮಾತ್ರ ತಿಳಿಯುವುದಿಲ್ಲ.

ಇಳಕಲ್ ಸೀರೆಯ ವಿಷಯದಲ್ಲಿ ಈ ತಪ್ಪಿಗೆ ತೆರುವ ಬೆಲೆ ಇನ್ನೂ ದೊಡ್ಡದು. ವಿದ್ಯುತ್ ಮಗ್ಗದ ನಕಲು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಕೈಮಗ್ಗದ ಸೀರೆ ಸಾವಿರದ ಲೆಕ್ಕದಲ್ಲಿ ಇರುತ್ತದೆ. ಮೊಬೈಲಿನ ಐದಾರು ಅಂಗುಲದ ತೆರೆಯಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ದರವನ್ನೂ ಬರೆಯದೆ, ಆ ದರ ಯಾಕೆ ಎಂಬುದನ್ನೂ ತೋರಿಸದೆ ಹೋದರೆ ಗ್ರಾಹಕರು ಅಗ್ಗದ್ದನ್ನೇ ಆರಿಸುತ್ತಾರೆ. ಅದು ಅವರ ತಪ್ಪಲ್ಲ. ವ್ಯತ್ಯಾಸವನ್ನು ಯಾರೂ ಅವರಿಗೆ ತೋರಿಸಲಿಲ್ಲ.

ತೋರಿಸುವುದಕ್ಕೆ ಎಷ್ಟೊಂದು ಇದೆ! ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ನೂಲು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಹಾಗಾಗಿ ಹಾಸನ್ನು ಒಂದೊಂದು ಸೀರೆಯ ಅಳತೆಗೇ ಸಿದ್ಧಪಡಿಸಬೇಕು, ಹತ್ತಾರು ಸೀರೆಗಳ ಉದ್ದದ ಹಾಸನ್ನು ಒಮ್ಮೆಗೇ ಸುತ್ತಿಟ್ಟು ನೇಯುವಂತಿಲ್ಲ. ಸೀರೆಯನ್ನು ಮಡಿಲಲ್ಲಿ ಹರಡಿ, ಒಡಲು ಮುಗಿದು ಸೆರಗು ಶುರುವಾಗುವ ಗೆರೆಯ ಹತ್ತಿರ ಮೊಬೈಲ್ ಹಿಡಿಯಿರಿ. ಹಸಿರು ಎಳೆ ಬಂದು ಕೆಂಪು ಎಳೆಯ ಕುತ್ತಿಗೆಗೆ ತೊಡರಿಕೊಂಡಿರುತ್ತದೆ. ಸಾಲು ಸಾಲು ಕೊಂಡಿಗಳು. ಬೆರಳು ಆಡಿಸಿದರೆ ಆ ಗೆರೆ ಸಣ್ಣಗೆ ತಾಗುತ್ತದೆ. ಅರ್ಧ ನಿಮಿಷ ಅದನ್ನೇ ತೋರಿಸಿ, ಪಕ್ಕದಲ್ಲಿ ನಕಲಿ ಸೀರೆಯ ಅದೇ ಜಾಗವನ್ನು ತೋರಿಸಿ. ಮಾತೂ ಬೇಕಿಲ್ಲ. ಸಿನಿಮಾ ಹಾಡಂತೂ ಬೇಡವೇ ಬೇಡ. ಇನ್‌ಸ್ಟಾಗ್ರಾಂನ ವ್ಯಾಪಾರಿ ಖಾತೆಗಳಿಗೆ ಜನಪ್ರಿಯ ಹಾಡುಗಳಲ್ಲಿ ಬಹುಪಾಲು ಸಿಗುವುದೂ ಇಲ್ಲ. ಮಗ್ಗದ ಸದ್ದೇ ಇರಲಿ. ಇಳಕಲ್ಲಿನ ಓಣಿಯಲ್ಲಿ ಬೆಳೆದು ಪುಣೆಯಲ್ಲೋ ಮುಂಬೈಯಲ್ಲೋ ಇರುವವರ ಕಿವಿಗೆ ಆ ಸದ್ದು ಬಿದ್ದರೆ ಅವರು ಮುಂದಕ್ಕೆ ಸರಿಸುವುದಿಲ್ಲ.

ಪುಣೆಯ ಹೆಸರು ಸುಮ್ಮನೆ ಬರಲಿಲ್ಲ. ಮಹಾರಾಷ್ಟ್ರದಲ್ಲಿ ಈ ಸೀರೆಗೆ ದೊಡ್ಡ ಬೇಡಿಕೆ ಇದೆ. ಅಲ್ಲಿ ಇದನ್ನು ‘ಇರಕಲ್’ ಎನ್ನುತ್ತಾರೆ, ಹಾಗೆಂದೇ ಹುಡುಕುತ್ತಾರೆ. ನಮ್ಮ ಅಂಗಡಿಗಳ ಪುಟಗಳಲ್ಲಿ ಆ ಹೆಸರನ್ನು ನಾನು ಕಂಡದ್ದು ಅಪರೂಪ. ಕನ್ನಡದ ಕೆಳಗೆ ಮರಾಠಿಯಲ್ಲೂ ಎರಡು ಸಾಲು ಬರೆಯಲು ಏನು ಅಡ್ಡಿ? ಬಾಗಲಕೋಟೆ ಕಡೆಯ ವ್ಯಾಪಾರಿಗಳಲ್ಲಿ ಮರಾಠಿ ಬಲ್ಲವರಿಗೇನೂ ಬರವಿಲ್ಲ. ಆದರೆ ಪೋಸ್ಟ್ ಬರೆಯಲು ಕೂತರೆ ಕನ್ನಡವನ್ನೂ ಬಿಟ್ಟು, ಅರ್ಧ ಗೊತ್ತಿರುವ ಇಂಗ್ಲಿಷಿನಲ್ಲಿ ‘ಸುಂದರ ಸೀರೆಗಳ ಹೊಸ ಸಂಗ್ರಹ’ ಎಂಬಂಥ ಸಾಲು ಹಾಕುತ್ತಾರೆ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಬದಲಿಗೆ ಹೀಗೆ ಬರೆಯಿರಿ: ‘ಕೈಮಗ್ಗ. ಒಡಲು ಹತ್ತಿ, ಸೆರಗು ರೇಷ್ಮೆ. ಚಿಕ್ಕಿ ಪರಾಸ್ ದಡಿ, ತೋಪು ತೆನಿ ಸೆರಗು. ಆರು ಗಜ. ರವಿಕೆ ಬಟ್ಟೆ ಇಲ್ಲ, ಬೇಕಿದ್ದರೆ ಗುಳೇದಗುಡ್ಡದ ಖಣ ಬೇರೆ ಕೊಡುತ್ತೇವೆ. ಬೆಲೆ ಇಷ್ಟು, ಅಂಚೆ ವೆಚ್ಚ ಇಷ್ಟು. ಹೊರಡಲು ಮೂರು ದಿನ.’ ಚಿಕ್ಕಿ ಪರಾಸ್ ಎಂಬುದು ದಡಿಯ, ಅಂದರೆ ಅಂಚಿನ, ವಿನ್ಯಾಸದ ಹೆಸರು; ತೋಪು ತೆನಿ ಸೆರಗಿನದು. ಸೆರಗು ಕೃತಕ ರೇಷ್ಮೆಯದ್ದಾಗಿದ್ದರೆ ಅದನ್ನೂ ಬರೆಯಿರಿ. ನೇಕಾರರು ಅದನ್ನು ಚಮಕಾ ಎನ್ನುತ್ತಾರೆ, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಚಮಕಾವನ್ನು ರೇಷ್ಮೆ ಎಂದು ಮಾರಿದರೆ ಒಂದು ಸೀರೆ ಹೋಗುತ್ತದೆ, ಅದನ್ನು ಕೊಂಡ ಮನೆ ಮತ್ತೆ ನಿಮ್ಮ ಕಡೆ ತಿರುಗಿ ನೋಡುವುದಿಲ್ಲ. 2006ರಿಂದ ಕೈಮಗ್ಗ ಗುರುತು (ಹ್ಯಾಂಡ್‌ಲೂಮ್ ಮಾರ್ಕ್) ಎಂಬುದೊಂದು ಸರ್ಕಾರಿ ಮುದ್ರೆ ಇದೆ. ನಿಮ್ಮ ಸೀರೆಗೆ ಆ ಚೀಟಿ ಇದ್ದರೆ ಅದರ ಚಿತ್ರವನ್ನೂ ಹಾಕಿ.

ಬಣ್ಣದ ಬಗ್ಗೆ ಒಂದು ಮಾತು. ಟ್ಯೂಬ್‌ಲೈಟ್ ಕೆಳಗೆ ತೆಗೆದ ಚಿತ್ರದಲ್ಲಿ ಗಿಳಿಹಸಿರು ಬಾಟಲಿ ಹಸಿರಾಗಿ ಕಾಣುತ್ತದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಪಡಸಾಲೆಯ ಬಾಗಿಲಲ್ಲಿ ಸೀರೆ ಹಿಡಿದು ಚಿತ್ರ ತೆಗೆಯಿರಿ. ಸೀರೆಯ ಬಣ್ಣ ಬದಲಿಸುವ ಫಿಲ್ಟರ್ ಯಾವುದನ್ನೂ ಮುಟ್ಟಬೇಡಿ.

ಇನ್ನು ವಾಟ್ಸಾಪ್. ವ್ಯಾಪಾರಿಗಳಿಗೆಂದೇ ಇರುವ ವಾಟ್ಸಾಪ್ ಬಿಸಿನೆಸ್ 2018ರಲ್ಲೇ ಬಂತು, ಮರುವರ್ಷ ಅದರಲ್ಲಿ ಕ್ಯಾಟಲಾಗ್ ಸೇರಿತು. ಚಿತ್ರ, ವಿವರ, ಬೆಲೆಯನ್ನು ಒಮ್ಮೆ ತುಂಬಿಟ್ಟರೆ ರಾತ್ರಿ ಹನ್ನೊಂದಕ್ಕೆ ಕೇಳಿದವರಿಗೂ ಅದೇ ಉತ್ತರ ಕೊಡುತ್ತದೆ. ಇಷ್ಟಿದ್ದೂ ನಮ್ಮವರು ದಿನಕ್ಕೆ ನಲವತ್ತು ಚಿತ್ರಗಳನ್ನು ಸ್ಟೇಟಸ್‌ಗೆ ಹಾಕುತ್ತಾರೆ, 24 ಗಂಟೆಯಲ್ಲಿ ಅವೆಲ್ಲ ಮಾಯ. ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿಕೊಂಡು ಕಳಿಸಿದರೂ ಸಂದೇಶ ಹೋಗುವುದು ನಿಮ್ಮ ನಂಬರನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ. ಇದು ಗೊತ್ತಿಲ್ಲದೆ ‘ಯಾರೂ ಉತ್ತರಿಸುವುದಿಲ್ಲ’ ಎಂದು ನೊಂದುಕೊಳ್ಳುವ ಅಂಗಡಿಯವರನ್ನು ಕಂಡಿದ್ದೇನೆ. ಅಂಗಡಿಗೆ ಬಂದವರು ಹಣ ಎಣಿಸುವಾಗಲೇ ‘ಅಕ್ಕಾ, ನಮ್ಮ ನಂಬರ್ ಉಳಿಸಿಕೊಳ್ಳಿ, ಪಂಚಮಿಗೆ ಹೊಸ ಮಾಲು ಬಂದಾಗ ತಿಳಿಸುತ್ತೇವೆ’ ಎಂದು ಹೇಳಿ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳಿಗಿಂತ ದೊಡ್ಡ ಮಾರುಕಟ್ಟೆಯನ್ನು ಯಾವ ಜಾಹೀರಾತು ಕಂಪನಿ ನಿಮಗೆ ತಂದುಕೊಡುತ್ತದೆ? ಆದರೆ ಸಂದೇಶ ಶ್ರಾವಣ ಹುಟ್ಟುವ ಮೂರು ವಾರ ಮೊದಲೇ ಹೋಗಬೇಕು, ಹಬ್ಬದ ಹಿಂದಿನ ದಿನವಲ್ಲ.

ಅವ್ವನ ಸೀರೆಯ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಎರಡು ದಿನ ಬಿಟ್ಟು ಇನ್ನೊಂದು ಪುಟ ಸಿಕ್ಕಿತು. ಫಾಲೋವರ್‌ಗಳು ಆರುನೂರು ಇದ್ದರೇನೋ. ಪ್ರತಿ ಸೀರೆಯ ಕೆಳಗೆ ನೂಲು, ದಡಿ, ಗಜ, ಬೆಲೆ ಎಲ್ಲ ಕನ್ನಡದಲ್ಲಿ ಇತ್ತು. ನಮಗೆ ಕೇಳಲು ಉಳಿದದ್ದು ವಿಳಾಸ ಎಲ್ಲಿಗೆ ಕಳಿಸಬೇಕು ಎಂಬುದೊಂದೇ. ಬೆಲೆ ಮೊದಲ ಅಂಗಡಿಯವರು ನನಗೆ ಹೇಳಿದ್ದಕ್ಕಿಂತ ಇನ್ನೂರು ರೂಪಾಯಿ ಹೆಚ್ಚೇ ಇತ್ತು. ಅವ್ವ ಚೌಕಾಸಿ ಮಾಡಲಿಲ್ಲ. ಕುಬಸದ ದಿನ ಸೋದರತ್ತೆ ತಂಗಿಯ ಸೆರಗನ್ನು ತಿರುವಿ ಕೊಂಡಿ ನೋಡಿ, ‘ಎಲ್ಲಿ ತಂದಿರಿ, ಎಷ್ಟು ಕೊಟ್ಟಿರಿ?’ ಎಂದು ಕೇಳಿದರು. ಅವ್ವ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆ ಪುಟವನ್ನು ತೆರೆದು ಮೊಬೈಲನ್ನೇ ಅವರ ಕೈಗಿಟ್ಟು, ಆರತಿ ತಟ್ಟೆ ತರಲು ಒಳಗೆ ಹೋದಳು.