ಹ್ಯೂಸ್ಟನ್ ತೋಟ ನಡೆಯೋದು ರಾತ್ರಿ ಲೆಕ್ಕದಲ್ಲಿ

ಎಲ್ರಿಗೂ ನಮಸ್ಕಾರ. ಜನವರಿ ಕೊನೆ, ಹೊರಗಡೆ ಚಳಿ, ಆದ್ರೂ ಇಷ್ಟು ಜನ ಬಂದಿದೀರ, ತುಂಬಾ ಸಂತೋಷ ಆಯ್ತು. ಹ್ಯೂಸ್ಟನ್‌ಗೆ ಹೊಸದಾಗಿ ಬಂದೋರು ನನ್ನ ಹತ್ರ ಮೊದಲು ಕೇಳೋದು ಒಂದೇ ಪ್ರಶ್ನೆ, ಇಲ್ಲಿ ಬಿಸಿಲಿದೆ, ಮಳೆ ಇದೆ, ಮಂಗಳೂರಿನ ತರಾನೇ ಸೆಖೆ ಇದೆ, ಆದ್ರೂ ನಮ್ಮನೆ ಟೊಮ್ಯಾಟೊ ಗಿಡ ಆಳೆತ್ತರ ಬೆಳೆದು ಗೊಂಚಲು ಗೊಂಚಲು ಹೂ ಬಿಟ್ಟು ಒಂದು ಕಾಯೂ ಕಚ್ಚದೆ ಎಲ್ಲಾ ಉದುರಿ ಹೋಯ್ತಲ್ಲ ಯಾಕೆ ಅಂತ. ಗೊಬ್ಬರ ಸಾಲ್ದೇನೋ ಅಂತ ಹಾಕಿ ಹಾಕಿ ಸುಸ್ತಾಗಿರ್ತಾರೆ ಪಾಪ. ಗೊಬ್ಬರಕ್ಕೂ ಅದಕ್ಕೂ ಸಂಬಂಧ ಇಲ್ಲ, ಅಲ್ಲಿ ಕೈ ಕೊಟ್ಟಿರೋದು ರಾತ್ರಿ.

ಸ್ವಲ್ಪ ಬಿಡಿಸಿ ಹೇಳ್ತೀನಿ. ರಾತ್ರಿ ಉಷ್ಣಾಂಶ 24 ಡಿಗ್ರಿಗಿಂತ ಕೆಳಗೆ ಇಳೀದೇ ಇದ್ರೆ ಟೊಮ್ಯಾಟೊ ಹೂವಿನ ಪರಾಗ ಕೆಟ್ಟು ಹೂ ಉದುರುತ್ತೆ, ಮತ್ತೆ ಇಲ್ಲಿ ಜುಲೈ ತಿಂಗಳ ಸರಾಸರಿ ಕನಿಷ್ಠ ಉಷ್ಣಾಂಶಾನೇ ಸುಮಾರು 24-25 ಇರುತ್ತೆ. ಬೆಂಗಳೂರಲ್ಲಿ ಏಪ್ರಿಲ್ ಹಗಲು ಎಷ್ಟೇ ಸುಟ್ರೂ ರಾತ್ರಿ ತಣ್ಣಗೆ ಗಾಳಿ ಬೀಸುತ್ತೆ, ಯಾಕಂದ್ರೆ ಊರು 900 ಮೀಟರ್ ಎತ್ತರದಲ್ಲಿದೆ, ಗಾಳಿ ಒಣಗಿರುತ್ತೆ. ಇಲ್ಲಿ ಮೆಕ್ಸಿಕೋ ಕೊಲ್ಲಿ ಪಕ್ಕದಲ್ಲೇ ಇದೆ, ಗಾಳಿ ತುಂಬಾ ನೀರು. ಕತ್ತಲಾದ್ಮೇಲೆ ಗಾಳಿ ತಣ್ಣಗಾಗ್ತಾ ಆಗ್ತಾ ಇಬ್ಬನಿ ಕಟ್ಟೋ ಹಂತಕ್ಕೆ ಬಂದು ನಿಂತುಬಿಡುತ್ತೆ, ಅಲ್ಲಿಂದ ಮುಂದೆ ಆವಿ ನೀರಾಗುವಾಗ ಬಿಡೋ ಶಾಖ ಗಾಳೀನ ಇನ್ನೂ ಕೆಳಗೆ ಇಳಿಯೋಕೆ ಬಿಡಲ್ಲ. ಬೇಸಿಗೇಲಿ ಬೆಳಿಗ್ಗೆ ಎದ್ದಾಗ ಕಿಟಕಿ ಗಾಜಿನ ಹೊರಗಡೆ ನೀರು ಹರೀತಿರುತ್ತಲ್ಲ, ಅದೇ ಇದು. ಅದೇ ನೀರು ರಾತ್ರಿಯೆಲ್ಲಾ ಎಲೆ ಮೇಲೂ ಕೂತಿರುತ್ತೆ, ಅದಕ್ಕೇ ಇಲ್ಲಿ ಎಲೆಚುಕ್ಕೆ, ಬೂಷ್ಟು ಜಾಸ್ತಿ, ಅದಕ್ಕೇ ಸಂಜೆ ನೀರು ಹಾಕ್ಬೇಡಿ, ಬೆಳಿಗ್ಗೆ ಹಾಕಿ, ಬುಡಕ್ಕೆ ಹಾಕಿ ಅಂತ ನಾನು ಸಿಕ್ಕಸಿಕ್ಕೋರಿಗೆಲ್ಲಾ ಹೇಳೋದು.

ಹಂಗಾಗಿ ಊರಿನ ಕ್ಯಾಲೆಂಡರ್ ಇಲ್ಲಿ ನಡೆಯಲ್ಲ. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಅಂತಾರಲ್ಲ, ಆ ಲೆಕ್ಕದಲ್ಲಿ ನಮ್ಮ ಹಿರಿಯರು ಮಳೆ ಕಾಯ್ತಿದ್ರು. ಇಲ್ಲಿ ವರ್ಷಕ್ಕೆ ಸುಮಾರು 1300 ಮಿಲಿಮೀಟರ್ ಮಳೆ ಎಲ್ಲಾ ತಿಂಗಳೂ ಹಂಚ್ಕೊಂಡು ಬೀಳುತ್ತೆ, ಕಾಯೋ ಪ್ರಶ್ನೇನೇ ಇಲ್ಲ, ಕಾಯ್ಬೇಕಾಗಿರೋದು ರಾತ್ರಿಗೆ. ಟೊಮ್ಯಾಟೊ ಸಸಿ ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದೊಳಗೆ ನೆಲಕ್ಕೆ ಇಳೀಬೇಕು, ಅಂದ್ರೆ ಬೀಜ ಇಷ್ಟೊತ್ತಿಗೆ ಮನೆಯೊಳಗೆ ಮೊಳೆತಿರ್ಬೇಕು. ಮೇ ತಿಂಗಳಲ್ಲಿ ಕಾಯಿ, ಜೂನ್ ಮುಗಿಯೋ ಹೊತ್ತಿಗೆ ಗಿಡದ ಕೆಲಸ ಮುಗೀತು, ಕಿತ್ತು ಹಾಕಿ, ಬೇಜಾರು ಮಾಡ್ಕೋಬೇಡಿ, ಆಗಸ್ಟಲ್ಲಿ ಇನ್ನೊಂದು ಸಲ ನೆಟ್ರೆ ಅಕ್ಟೋಬರ್ ಕೊನೆಗೆ ಮತ್ತೆ ಹಣ್ಣು. ಮಧ್ಯದ ಆ ಉರಿ ತಿಂಗಳುಗಳಲ್ಲಿ ಬೆಂಡೆ, ಬಸಳೆ, ಅಲಸಂದೆ, ಹೀರೆ, ದಂಟು ಇವೆಲ್ಲಾ ಕುಣಿದಾಡ್ಕೊಂಡು ಬೆಳೆಯುತ್ವೆ. 2023ರ ಆಗಸ್ಟ್‌ನಲ್ಲಿ ಇಲ್ಲಿ 109 ಫ್ಯಾರನ್‌ಹೀಟ್, ಅಂದ್ರೆ ಹತ್ತಿರ ಹತ್ತಿರ 43 ಡಿಗ್ರಿ ಮುಟ್ಟಿತ್ತು, ಆಗ್ಲೂ ನಮ್ಮನೆ ಬಸಳೆ ಬೇಲಿ ಹತ್ತಿ ಪಕ್ಕದ ಮನೆಗೆ ಇಣುಕ್ತಿತ್ತು. ಕೊತ್ತಂಬರಿ, ಮೆಂತ್ಯ, ಮೂಲಂಗಿ, ಕೋಸು ಮಾತ್ರ ಚಳಿಗಾಲಕ್ಕೇ, ಅಕ್ಟೋಬರ್‌ನಿಂದ ಫೆಬ್ರವರಿ.

ಈಗ ಚಳಿಗಾಲದ ರಾತ್ರಿ. ಕೆನಡಾದಿಂದ ಇಲ್ಲೀವರೆಗೂ ಅಡ್ಡ ಒಂದು ಬೆಟ್ಟ ಇಲ್ಲ, ಹಂಗಾಗಿ ಉತ್ತರದ ಗಾಳಿ ನುಗ್ಗಿದ್ರೆ ಮಧ್ಯಾಹ್ನ ಟೀ ಶರ್ಟ್ ಹಾಕ್ಕೊಂಡು ಓಡಾಡಿದೋರು ರಾತ್ರಿ ಹೊತ್ತಿಗೆ ನಡುಗ್ತಿರ್ತೀವಿ. 2021ರ ಫೆಬ್ರವರಿ ನಿಮ್ಮಲ್ಲಿ ಬಹಳ ಜನಕ್ಕೆ ನೆನಪಿರುತ್ತೆ. 16ನೇ ತಾರೀಖು ಬೆಳಿಗ್ಗೆ ಮೈನಸ್ 10, ಟೆಕ್ಸಸ್‌ನಲ್ಲಿ ಲಕ್ಷಾಂತರ ಮನೆಗೆ ಕರೆಂಟಿಲ್ಲ, ನಮ್ಮನೇಲಂತೂ ನಲ್ಲಿ ನೀರೂ ನಿಂತಿತ್ತು. ಹಿಂದಿನ ಸಂಜೆ ನಾನು ನುಗ್ಗೆ ಮರದ ಕಾಂಡಕ್ಕೆ ಹಳೇ ರಜಾಯಿ ಸುತ್ತಿ ಬಿಗಿಯಾಗಿ ದಾರ ಕಟ್ಟಿದ್ದೆ, ಬೆಚ್ಚಗಿರುತ್ತೆ ಅಂತ. ಅದು ತಪ್ಪು. ಮರಕ್ಕೆ ಅದರದ್ದೇ ಬಿಸಿ ಅಂತ ಇರಲ್ಲ, ರಾತ್ರಿ ಶಾಖ ಬರೋದು ನೆಲದಿಂದ, ಬಟ್ಟೆ ನೆಲದವರೆಗೂ ಗುಡಾರದ ತರ ಇಳಿಬಿದ್ದು ಆ ಶಾಖಾನ ಹಿಡ್ಕೋಬೇಕು. ಮಣ್ಣಿಗೆ ಹಗಲಲ್ಲೇ ನೀರುಣಿಸಿದ್ರೆ ಇನ್ನೂ ಒಳ್ಳೇದು, ಒದ್ದೆ ಮಣ್ಣು ಜಾಸ್ತಿ ಬಿಸಿ ಇಟ್ಕೊಳುತ್ತೆ. ವಾರ ಕಳೆದ್ಮೇಲೆ ಉಗುರಿಂದ ತೊಗಟೆ ಕೆರೆದು ನೋಡ್ದೆ, ಎದೆ ಮಟ್ಟದಲ್ಲಿ ಕಂದು, ಸೊಂಟದ ಹತ್ರ ಕಂದು, ಮುಟ್ಟಿದ್ರೆ ಕೊಳೆತ ಸೌತೇಕಾಯಿ ತರ ಮೆತ್ತಗೆ. ಬುಡದಲ್ಲಿ ಒಣಗಿದ ಎಲೆ ರಾಶಿ ಹಾಕಿದ್ನಲ್ಲ, ಅದನ್ನ ಸರಿಸಿ ಕೆರೆದ್ರೆ ಒಂದು ಗೇಣಷ್ಟು ಜಾಗ ಹಸಿರು! ಅಲ್ಲಿಗೇ ಕಡಿದು ಬಿಟ್ಟೆ. ಏಪ್ರಿಲ್‌ನಲ್ಲಿ ನಾಲ್ಕು ಚಿಗುರು ಬಂತು, ಈಗ ಅದರದ್ದೇ ಸೊಪ್ಪು ತಿಂತಿದೀವಿ. ಹಂಗಾಗಿ ಚಳಿಗೆ ಸತ್ತಂಗೆ ಕಾಣೋ ಗಿಡಾನ ಮೇ ತಿಂಗಳವರೆಗೂ ಬುಡ ಸಮೇತ ಕೀಳ್ಬೇಡಿ ದಯವಿಟ್ಟು.

ಮಣ್ಣಿನ ಬಗ್ಗೆ ಎರಡೇ ಮಾತು. ಧಾರವಾಡ, ಗದಗ ಕಡೆಯೋರಿಗೆ ಇದು ಹೊಸದಲ್ಲ, ನಮ್ಮ ಎರೆ ಮಣ್ಣಿನ ಜಾತೀದೇ ಇದು, ಒದ್ದೆಯಾದ್ರೆ ಉಬ್ಬಿ ಚಪ್ಪಲಿಗೆ ಅಂಟ್ಕೊಳುತ್ತೆ, ಒಣಗಿದ್ರೆ ಕೈ ತೂರೋಷ್ಟು ಬಿರುಕು ಬಿಡುತ್ತೆ, ಮನೆ ತಳಪಾಯ ಅಲುಗಾಡದಿರ್ಲಿ ಅಂತ ಜನ ಬೇಸಿಗೇಲಿ ಗೋಡೆ ಸುತ್ತ ನೀರು ಬಿಡ್ತಾರೆ ಇಲ್ಲಿ. ನೆಲದ ಮೇಲೆ ಒಂದಡಿ ಎತ್ತರ ಕಟ್ಟೆ ಕಟ್ಟಿ ಕಾಂಪೋಸ್ಟ್ ತುಂಬಿ ಬೆಳೀರಿ.

ಇನ್ನೊಂದು, ಕರಿಬೇವಿನ ಗಿಡ ಯಾರೋ ಕೊಟ್ರು ಅಂತ ಬೇರೆ ಊರಿಂದ ಕಾರಲ್ಲಿ ತರೋದು, ಇಂಡಿಯಾದಿಂದ ಸೂಟ್‌ಕೇಸಲ್ಲಿ ತರೋದು ಬೇಡ. ನಿಂಬೆ, ಕಿತ್ತಳೆ ಮರಗಳನ್ನ ಕೊಲ್ಲೋ ಗ್ರೀನಿಂಗ್ ರೋಗ ಹರಡೋ ಸಣ್ಣ ಕೀಟ ಕರಿಬೇವಿನ ಮೇಲೂ ಬದುಕುತ್ತೆ, 2012ರಲ್ಲಿ ಆ ರೋಗ ಟೆಕ್ಸಸ್‌ಗೂ ಕಾಲಿಟ್ಟಿದೆ, ಗಿಡ ಸಾಗಿಸೋಕೆ ಕಾನೂನಿನ ತಡೆ ಇದೆ. ಇಲ್ಲೇ ಲೈಸೆನ್ಸ್ ಇರೋ ನರ್ಸರೀಲಿ ಸಿಗುತ್ತೆ, ಅಲ್ಲೇ ತಗೊಳ್ಳಿ.

ಕೊನೇದಾಗಿ ಅವರೆ, ಬಹಳ ಜನ ಅದಕ್ಕೇ ಬಂದಿದೀರ ಅಂತ ಗೊತ್ತು. ಅವರೇನೂ ರಾತ್ರೀನೇ ನೋಡೋದು, ಆದ್ರೆ ಅದು ನೋಡೋದು ರಾತ್ರಿ ಎಷ್ಟು ಉದ್ದ ಅಂತ. ನಾಟಿ ಅವರೆ ರಾತ್ರಿ ಉದ್ದ ಆಗೋವರೆಗೂ ಹೂ ಬಿಡಲ್ಲ. ಜೂನ್‌ನಲ್ಲಿ ಬೆಂಗಳೂರಿನ ಹಗಲು 13 ಗಂಟೆ ಒಳಗೇ ಇರುತ್ತೆ, ಇಲ್ಲಿ 14 ಗಂಟೆ, ಹಂಗಾಗಿ ಮಾರ್ಚಲ್ಲಿ ಹಾಕಿದ್ರೆ ಆರು ತಿಂಗಳು ಬರೀ ಬಳ್ಳಿ, ಬರೀ ಎಲೆ, ಮನೆಯೋರೆಲ್ಲಾ ಬೈಯೋಕೆ ಶುರು ಮಾಡ್ತಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆಗೆ ಈ ಹಗಲು ರಾತ್ರಿ ಲೆಕ್ಕ ಇಲ್ಲ, ಆದ್ರೆ ನನ್ನ ನಾಲಿಗೆಗೆ ನಾಟಿ ಅವರೆ ಸೊಗಡೇ ಬೇಕು. ನಾನು ಜುಲೈ ಮೊದಲ ವಾರ ಹಾಕ್ತೀನಿ, ರಾತ್ರಿಯೆಲ್ಲಾ ಲೈಟ್ ಉರಿಯೋ ಪೋರ್ಚ್ ಹತ್ರ ಹಾಕಲ್ಲ. ಅಕ್ಟೋಬರ್ ಮೊದಲಲ್ಲಿ ನೇರಳೆ ಹೂ, ನವೆಂಬರ್‌ನಲ್ಲಿ ಕಾಯಿ, ಡಿಸೆಂಬರ್ ಮಂಜು ಬೀಳೋದ್ರೊಳಗೆ ಎರಡು ಮೂರು ಸಲ ಹಿತಕಿದ ಬೇಳೆ ಸಾರಿಗೆ ಆಗೋಷ್ಟು ಸಿಗುತ್ತೆ. ಹಿಂದಿನ ಟೇಬಲ್ ಮೇಲೆ ಪೊಟ್ಟಣ ಇಟ್ಟಿದೀನಿ, ನಮ್ಮ ಹಿತ್ತಲಲ್ಲೇ ಬಲಿತ ಬೀಜ, ಮನೆಗೊಂದು ತಗೊಂಡು ಹೋಗಿ ಡಬ್ಬೀಲಿ ಹಾಕಿಡಿ, ಜುಲೈವರೆಗೂ ತೆಗೀಬೇಡಿ.